ಚುಕ್ಕಿ ಎಣಿಸಿ ವೇಗ ಕಾಣುವ ಪೆಟ್ಟಿಗೆ: ಟಿಕ್ಕರ್ ಟೈಮರ್ ಕಿಟ್ ಕುರಿತು ಒಂದು ವಿಮರ್ಶೆ

ಬಳ್ಳಾರಿಯಲ್ಲಿ ಶಾಲಾ ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯೊಂದರಿಂದ ನಮ್ಮ ಪ್ರೌಢಶಾಲೆಗೆ ಕೊಂಡ ಟಿಕ್ಕರ್ ಟೈಮರ್ ಕಿಟ್ಟನ್ನು ಒಂಬತ್ತನೆಯ ತರಗತಿಯ ಚಲನೆಯ ಪಾಠದುದ್ದಕ್ಕೂ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಟ್ರಾಲಿ, ಹಲಗೆ, ಕಾಗದದ ಪಟ್ಟಿಯ ಸುರುಳಿಗಳು ಎಲ್ಲವೂ ಸೇರಿ ಎರಡು ಸಾವಿರ ರೂಪಾಯಿಗೆ ತುಸು ಕಡಿಮೆಯಾಯಿತು. ಇದೇ ವಿನ್ಯಾಸದ ಕಿಟ್ಟು ಬೇರೆ ಬೇರೆ ಹೆಸರುಗಳಲ್ಲಿ ಸಿಗುವುದರಿಂದ ತಯಾರಕರ ಮತ್ತು ಅಂಗಡಿಯ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸರಾಸರಿ ವೇಗವೆಂಬುದು ಎರಡು ಬಿಂದುಗಳ ನಡುವಿನ ಲೆಕ್ಕ ಎಂಬುದನ್ನು ಈ ಉಪಕರಣದಷ್ಟು ಚೆನ್ನಾಗಿ ಕಣ್ಣಿಗೆ ಕಾಣಿಸುವ ಅಗ್ಗದ ವಸ್ತು ಇನ್ನೊಂದನ್ನು ನಾನು ನೋಡಿಲ್ಲ; ಆದರೆ ಆ ಲೆಕ್ಕದಲ್ಲಿ ಸಾಗಿದ ದೂರವಲ್ಲ, ಸ್ಥಾನಪಲ್ಲಟವೇ (ಹೊರಟ ಬಿಂದುವಿನಿಂದ ತಲುಪಿದ ಬಿಂದುವಿಗಿರುವ ನೇರ ಅಂತರ, ದಿಕ್ಕಿನ ಸಮೇತ) ಮುಖ್ಯ ಎಂಬ ಅರ್ಧ ಪಾಠವನ್ನು ಇದು ತನ್ನ ರಚನೆಯ ಕಾರಣದಿಂದಲೇ ಮುಚ್ಚಿಡುತ್ತದೆ. ಕೊಳ್ಳುವವರು ಈ ಎರಡನ್ನೂ ತಿಳಿದು ಕೊಳ್ಳಬೇಕು.

ಉಪಕರಣ ಸರಳವಾಗಿದೆ. ಒಂದು ತಂತಿಸುರುಳಿಯ ನಡುವೆ ಉಕ್ಕಿನ ತೆಳು ಪಟ್ಟಿಯೊಂದಿದ್ದು, ಅದರ ತುದಿಯಲ್ಲಿ ಮೊನೆಯಿದೆ. ಸುರುಳಿಗೆ 6 ವೋಲ್ಟಿನ ಪರ್ಯಾಯ ವಿದ್ಯುತ್ (ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಹರಿಯುವ ವಿದ್ಯುತ್) ಹರಿಸಿದಾಗ ಪಟ್ಟಿ ಕಂಪಿಸಿ, ಮೊನೆಯು ಕೆಳಗಿನ ಕಾರ್ಬನ್ ಬಿಲ್ಲೆಯನ್ನು ಕುಟ್ಟುತ್ತದೆ. ಬಿಲ್ಲೆಯ ಅಡಿಯಲ್ಲಿ ಸರಿದು ಹೋಗುವ ಕಾಗದದ ಪಟ್ಟಿಯ ಮೇಲೆ ಪ್ರತಿ ಕುಟ್ಟಿಗೂ ಒಂದು ಕಪ್ಪು ಚುಕ್ಕಿ ಮೂಡುತ್ತದೆ. ಪಟ್ಟಿಯ ಒಂದು ತುದಿಯನ್ನು ಟ್ರಾಲಿಯ ಹಿಂಬದಿಗೆ ಅಂಟಿಸಿ, ಟ್ರಾಲಿಯನ್ನು ಇಳಿಜಾರಿನಲ್ಲಿ ಬಿಟ್ಟರೆ, ಅದು ನಿಧಾನವಾಗಿದ್ದಲ್ಲಿ ಚುಕ್ಕಿಗಳು ಒತ್ತೊತ್ತಾಗಿಯೂ ವೇಗವಾಗಿದ್ದಲ್ಲಿ ದೂರ ದೂರವಾಗಿಯೂ ಬೀಳುತ್ತವೆ. ಚಲನೆ ಮುಗಿದ ಮೇಲೂ ಅದರ ದಾಖಲೆ ಕೈಯಲ್ಲಿ ಉಳಿಯುತ್ತದೆ, ಮತ್ತು ಮಕ್ಕಳು ಅದನ್ನು ಮನೆಗೂ ಒಯ್ಯಬಹುದು. ಇಳಿಜಾರಿನ ಪ್ರಯೋಗ ಮಾಡಿದ ಗೆಲಿಲಿಯೊ ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಅಳೆಯಬೇಕಾಗಿತ್ತು ಎಂಬುದನ್ನು ನೆನೆದರೆ, ಈ ಪುಟ್ಟ ಪೆಟ್ಟಿಗೆ ನಮಗೆ ಎಷ್ಟು ಕೆಲಸ ಉಳಿಸಿದೆ ಎಂಬುದು ತಿಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಕಿಟ್ಟಿನ ಕೈಪಿಡಿ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕಾಗಿತ್ತು, ಮುದ್ರಿಸಿಲ್ಲ. ಇದಕ್ಕೆ ಪರ್ಯಾಯ ವಿದ್ಯುತ್ತೇ ಬೇಕು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಬಿದ್ದಿರುವ ಬ್ಯಾಟರಿ ಎಲಿಮಿನೇಟರಿನ ನೇರ ವಿದ್ಯುತ್ತಿನ (ಡಿಸಿ) ತುದಿಗಳಿಗೆ ಜೋಡಿಸಿದರೆ ಉಕ್ಕಿನ ಪಟ್ಟಿ ಒಮ್ಮೆ ಬಾಗಿ ಹಾಗೆಯೇ ನಿಲ್ಲುತ್ತದೆ, ಸುರುಳಿ ಮಾತ್ರ ಬಿಸಿಯಾಗುತ್ತದೆ. ಆಗ ಉಪಕರಣವೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರೂ ಇರಬಹುದು.

ಕೈಪಿಡಿಯ ದೊಡ್ಡ ದೋಷ ಬೇರೆಯೇ ಇದೆ. ಸೆಕೆಂಡಿಗೆ 100 ಚುಕ್ಕಿಗಳು ಬೀಳುತ್ತವೆ, ಆದ್ದರಿಂದ ಎರಡು ಚುಕ್ಕಿಗಳ ನಡುವಿನ ಕಾಲ 0.01 ಸೆಕೆಂಡ್ ಎಂದು ಅದು ಹೇಳುತ್ತದೆ. ಉಕ್ಕಿನ ಪಟ್ಟಿಯ ಬಳಿ ಶಾಶ್ವತ ಕಾಂತವಿಲ್ಲದ ಮಾದರಿಗಳಲ್ಲಿ ಇದು ನಿಜ, ಏಕೆಂದರೆ ವಿದ್ಯುತ್ತು ಯಾವ ದಿಕ್ಕಿಗೆ ಹರಿದರೂ ಕಬ್ಬಿಣ ಸೆಳೆಯಲ್ಪಡುತ್ತದೆ, ಹಾಗಾಗಿ ಒಂದು ಆವರ್ತಕ್ಕೆ (ವಿದ್ಯುತ್ತು ಒಮ್ಮೆ ಆಚೆಗೂ ಒಮ್ಮೆ ಈಚೆಗೂ ಹರಿಯುವ ಒಂದು ಸುತ್ತು; ನಮ್ಮಲ್ಲಿ ಇಂಥವು ಸೆಕೆಂಡಿಗೆ 50) ಎರಡು ಕುಟ್ಟುಗಳಾಗುತ್ತವೆ. ನಮಗೆ ಬಂದಿರುವ ಮಾದರಿಯಲ್ಲಿ ಕಾಂತವಿದೆ. ಇಲ್ಲಿ ಪಟ್ಟಿಯು ಅರ್ಧ ಆವರ್ತದಲ್ಲಿ ಒಂದು ಕಡೆಗೂ ಉಳಿದ ಅರ್ಧದಲ್ಲಿ ಇನ್ನೊಂದು ಕಡೆಗೂ ಹೋಗುವುದರಿಂದ ಆವರ್ತಕ್ಕೆ ಒಂದೇ ಕುಟ್ಟು, ಅಂದರೆ ಸೆಕೆಂಡಿಗೆ 50 ಚುಕ್ಕಿ, ನಡುವಿನ ಕಾಲ 0.02 ಸೆಕೆಂಡ್. ಪೆಟ್ಟಿಗೆ ತೆರೆದ ದಿನವೇ ಇದನ್ನು ಪರೀಕ್ಷಿಸಿದೆವು. ಒಬ್ಬ ವಿದ್ಯಾರ್ಥಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 4 ಸೆಕೆಂಡ್ ಎಣಿಸುತ್ತಿರಲು ಇನ್ನೊಬ್ಬಳು ಪಟ್ಟಿಯನ್ನು ಒಂದೇ ಹದದಲ್ಲಿ ಎಳೆದಳು; ಬಿದ್ದ ಚುಕ್ಕಿಗಳು ಸುಮಾರು 200, ಎಂದರೆ ಕೈಪಿಡಿ ಹೇಳುವ 400ರ ಅರ್ಧ. ಬೆರಳಿನ ತಡ ಎಷ್ಟೇ ಇದ್ದರೂ ಅದು ಇಷ್ಟು ದೊಡ್ಡ ಅಂತರವನ್ನು ಹುಟ್ಟಿಸಲಾರದು. ಕೈಪಿಡಿಯನ್ನು ನಂಬಿದ್ದರೆ ನಮ್ಮ ಎಲ್ಲ ಟ್ರಾಲಿಗಳೂ ತಮ್ಮ ನಿಜವಾದ ವೇಗದ ಇಮ್ಮಡಿಯಲ್ಲಿ ಓಡಿದಂತೆ ಲೆಕ್ಕ ಬರುತ್ತಿತ್ತು. ಈ ವಿಷಯವನ್ನು ಅಂಗಡಿಯವರಿಗೆ ತಿಳಿಸಿದಾಗ ಅವರು, "ಭಾಳ ಸಾಲಿಗೆ ಕೊಟ್ಟೀವ್ರಿ ಸರ, ಇಲ್ಲೀತನಕ ಯಾರೂ ಚುಕ್ಕಿ ಎಣಿಸಿ ಹೇಳಿಲ್ರಿ" ಎಂದು ನಕ್ಕರು. ಕೈಪಿಡಿಗಿಂತ ಆ ಉತ್ತರವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು.

ಈ ಉಪಕರಣದೊಳಗೆ ಗಡಿಯಾರವೆಂಬುದು ಇಲ್ಲವೇ ಇಲ್ಲ. ಗೋಡೆಯ ಪ್ಲಗ್ಗಿಗೆ ಬರುವ ವಿದ್ಯುತ್ತಿನ ಆವೃತ್ತಿಯೇ, ಅಂದರೆ ಸೆಕೆಂಡಿಗೆ ಎಷ್ಟು ಆವರ್ತ (ಹರ್ಟ್ಸ್) ಎಂಬುದೇ ಅದರ ಗಡಿಯಾರ. ಹಾಗಾದರೆ ಆ ಗಡಿಯಾರ ಎಷ್ಟು ಸರಿ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದು ಒಳ್ಳೆಯ ಪ್ರಶ್ನೆಯೇ ಆಗಿತ್ತು. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಆವೃತ್ತಿಯನ್ನು 49.90ರಿಂದ 50.05 ಹರ್ಟ್ಸ್‌ಗಳ ನಡುವೆ ಇರಿಸಬೇಕೆಂಬ ನಿಯಮವಿದೆ. ಅಂದರೆ ವ್ಯತ್ಯಾಸ ಹೆಚ್ಚೆಂದರೆ ಸಾವಿರಕ್ಕೆ ಎರಡರಷ್ಟು. ಕುಡತಿನಿಯ ಉಷ್ಣ ಸ್ಥಾವರವಾಗಲಿ ರಾಯಚೂರಿನ ಶಕ್ತಿನಗರದ್ದಾಗಲಿ ತನ್ನಷ್ಟಕ್ಕೆ ತಾನು ಬೇರೆ ಲಯದಲ್ಲಿ ತಿರುಗುವಂತಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಂದಿಗೆ ಒಂದೇ ಆವೃತ್ತಿಗೆ ಸೇರಿದ ಮೇಲೆ, ನಮ್ಮ ಬಳ್ಳಾರಿಯ ತರಗತಿಯ ಟೈಮರೂ ದೆಹಲಿಯ ತರಗತಿಯ ಟೈಮರೂ ಒಂದೇ ಲಯದಲ್ಲಿ ಕುಟ್ಟುತ್ತವೆ. ಕರೆಂಟ್ ಹೋದಾಗ ಇನ್ವರ್ಟರಿನ ಮೇಲೆ ಪ್ರಯೋಗ ಮುಂದುವರಿಸುವವರು ಮಾತ್ರ ಜಾಗ್ರತೆ ವಹಿಸಬೇಕು, ಏಕೆಂದರೆ ಆಗಿನ ಆವೃತ್ತಿ ಜಾಲದ್ದಲ್ಲ, ಆ ಇನ್ವರ್ಟರಿನ ಒಳಗಿನ ಮಂಡಲದ್ದು. ಅಂಥ ದಿನ ಮತ್ತೊಮ್ಮೆ ಸ್ಟಾಪ್‌ವಾಚಿನೊಂದಿಗೆ ತಾಳೆ ನೋಡುವುದು ಒಳಿತು.

ಈಗ ಲೆಕ್ಕಕ್ಕೆ ಬರೋಣ, ಈ ಕಿಟ್ಟಿನ ನಿಜವಾದ ಬೆಲೆ ಇರುವುದು ಇಲ್ಲಿ. ಪಟ್ಟಿಯ ಆರಂಭದಲ್ಲಿ ಚುಕ್ಕಿಗಳು ಒಂದರ ಮೇಲೊಂದು ಕಲಸಿಹೋಗಿರುತ್ತವೆ. ಅವುಗಳನ್ನು ಬಿಟ್ಟು, ಸ್ಪಷ್ಟವಾಗಿರುವ ಒಂದು ಚುಕ್ಕಿಯನ್ನು ಸೊನ್ನೆಯೆಂದು ಗುರುತಿಸಿ, ಅಲ್ಲಿಂದ ಹತ್ತನೆಯ ಚುಕ್ಕಿಯವರೆಗಿನ ಉದ್ದವನ್ನು ಸ್ಕೇಲಿನಿಂದ ಅಳೆಯಬೇಕು. ಎಣಿಕೆಯಲ್ಲಿ ಬಹುಪಾಲು ಮಕ್ಕಳು ಎಡವುವುದು ಇಲ್ಲಿಯೇ. ಅವರು ಮೊದಲ ಚುಕ್ಕಿಯನ್ನೇ ಒಂದು ಎಂದು ಎಣಿಸುತ್ತಾರೆ, ಆಗ ಹತ್ತು ಚುಕ್ಕಿಗಳ ನಡುವೆ ಒಂಬತ್ತೇ ಅಂತರಗಳು ಸಿಗುತ್ತವೆ. ಹನ್ನೊಂದು ಕಂಬ ನೆಟ್ಟರೆ ಹತ್ತು ಅಂಕಣದ ಮನೆಯಾಗುತ್ತದೆ ಎಂದು ಹೇಳಿದ ಮೇಲೆ ಈ ಗೊಂದಲ ಬಹುತೇಕ ನಿಂತಿತು. ಹತ್ತು ಅಂತರಗಳೆಂದರೆ 0.2 ಸೆಕೆಂಡ್. ನಮ್ಮ ಒಂದು ಪಟ್ಟಿಯಲ್ಲಿ ಆ ಉದ್ದ 6.4 ಸೆಂ.ಮೀ. ಬಂದಿತ್ತು, ಆದ್ದರಿಂದ ಆ ಅವಧಿಯ ಸರಾಸರಿ ವೇಗ 6.4 ಭಾಗಿಸು 0.2, ಅಂದರೆ ಸೆಕೆಂಡಿಗೆ 32 ಸೆಂ.ಮೀ. ಮುಂದಿನ ಹತ್ತು ಅಂತರಗಳಲ್ಲಿ ಟ್ರಾಲಿ 9.2 ಸೆಂ.ಮೀ. ಸಾಗಿತ್ತು, ಎಂದರೆ ಸೆಕೆಂಡಿಗೆ 46 ಸೆಂ.ಮೀ. ಎರಡೂ ಅವಧಿಗಳನ್ನು ಕೂಡಿಸಿದರೆ 0.4 ಸೆಕೆಂಡಿನಲ್ಲಿ 15.6 ಸೆಂ.ಮೀ., ಸರಾಸರಿ ವೇಗ ಸೆಕೆಂಡಿಗೆ 39 ಸೆಂ.ಮೀ.

ಇದು 32 ಮತ್ತು 46ರ ಸರಿ ಮಧ್ಯದ ಸಂಖ್ಯೆಯಾಗಿರುವುದನ್ನು ಕಂಡ ಮಕ್ಕಳು, ಎರಡು ವೇಗಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸಾಕೆಂದು ತಕ್ಷಣ ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನವನ್ನು ಅದೇ ಬಗೆಯ ಇನ್ನೊಂದು ಪಟ್ಟಿಯಿಂದಲೇ ಮುರಿಯಬಹುದೆಂಬುದು ಈ ಕಿಟ್ಟಿನ ಬಗ್ಗೆ ನನಗೆ ಅತ್ಯಂತ ಮೆಚ್ಚಿಗೆಯಾದ ಸಂಗತಿ. ಈ ಬಾರಿ ಸಮಾನ ಕಾಲದ ಬದಲು ಸಮಾನ ಉದ್ದದ ಎರಡು ಭಾಗಗಳನ್ನು ಗುರುತು ಹಾಕಿಸಿದೆ. ಮೊದಲ 12 ಸೆಂ.ಮೀ.ಯಲ್ಲಿ 20 ಅಂತರಗಳು, ಅಂದರೆ 0.4 ಸೆಕೆಂಡ್, ವೇಗ ಸೆಕೆಂಡಿಗೆ 30 ಸೆಂ.ಮೀ.; ನಂತರದ 12 ಸೆಂ.ಮೀ.ಯಲ್ಲಿ 10 ಅಂತರಗಳು, ಅಂದರೆ 0.2 ಸೆಕೆಂಡ್, ವೇಗ ಸೆಕೆಂಡಿಗೆ 60 ಸೆಂ.ಮೀ. ಮಧ್ಯದ ಸಂಖ್ಯೆ 45. ಆದರೆ ಒಟ್ಟು 24 ಸೆಂ.ಮೀ.ಗೆ ಹಿಡಿದ ಕಾಲ 0.6 ಸೆಕೆಂಡ್ ಆದ್ದರಿಂದ ಸರಾಸರಿ ವೇಗ ಸೆಕೆಂಡಿಗೆ 40 ಸೆಂ.ಮೀ. ಮಾತ್ರ. ಕಾರಣವನ್ನು ನಾನು ಹೇಳಬೇಕಾಗಲಿಲ್ಲ; ನಿಧಾನವಾಗಿ ಸಾಗಿದ ಭಾಗದಲ್ಲಿ ಚುಕ್ಕಿಗಳ ಸಂಖ್ಯೆ ಇಮ್ಮಡಿಯಾಗಿರುವುದನ್ನು ಪಟ್ಟಿಯೇ ತೋರಿಸುತ್ತಿತ್ತು, ಹೆಚ್ಚು ಕಾಲ ನಿಧಾನವಾಗಿದ್ದರೆ ಸರಾಸರಿಯೂ ಆ ಕಡೆಗೇ ವಾಲುತ್ತದೆಂಬುದನ್ನು ಹಿಂದಿನ ಬೆಂಚಿನ ಹುಡುಗನೇ ಹೇಳಿದ. ಕಪ್ಪು ಹಲಗೆಯ ಮೇಲೆ ಈ ಮಾತನ್ನು ವರ್ಷಗಟ್ಟಲೆ ಬರೆದರೂ ಇಷ್ಟು ಬೇಗ ಒಪ್ಪಿಗೆಯಾದದ್ದಿಲ್ಲ.

ಪಟ್ಟಿಯನ್ನು ಐದೈದು ಅಂತರಗಳಿಗೆ ಕತ್ತರಿಸಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ ಅಂಟಿಸಿದರೆ, ಪ್ರತಿ ತುಂಡಿನ ಎತ್ತರ ಆ 0.1 ಸೆಕೆಂಡಿನ ಸರಾಸರಿ ವೇಗವನ್ನು ಸೂಚಿಸುತ್ತದೆ, ಮತ್ತು ವೇಗ-ಕಾಲ ನಕ್ಷೆ ಅಂಟು ಮತ್ತು ಕತ್ತರಿಯಿಂದಲೇ ಸಿದ್ಧವಾಗುತ್ತದೆ. ಕೈಪಿಡಿಯಲ್ಲಿ ಸರಿಯಾಗಿ ವಿವರಿಸಿರುವ ಕೆಲವೇ ಚಟುವಟಿಕೆಗಳಲ್ಲಿ ಇದೂ ಒಂದು.

ಇನ್ನು ಕಿಟ್ಟಿನ ಮಿತಿಗಳು. ಕಾಗದದ ಪಟ್ಟಿ ಒಂದೇ ದಿಕ್ಕಿಗೆ ಸರಿಯಬಲ್ಲದು. ಟ್ರಾಲಿಯನ್ನು ಇಳಿಜಾರಿನ ಮೇಲಕ್ಕೆ ತಳ್ಳಿ ಅದು ಹಿಂದಿರುಗಿ ಬರುವಂತೆ ಮಾಡಿದರೆ, ಹಿಂದಿರುಗುವಾಗ ಪಟ್ಟಿ ಸಡಿಲಗೊಂಡು ಸುಕ್ಕಾಗುತ್ತದೆ, ಬಿದ್ದ ಚುಕ್ಕಿಗಳೂ ಹಳೆಯ ಚುಕ್ಕಿಗಳೊಡನೆ ಬೆರೆತು ಯಾವುದು ಯಾವುದೆಂದು ತಿಳಿಯದಾಗುತ್ತದೆ. ಆದ್ದರಿಂದ ಈ ಉಪಕರಣ ಅಳೆಯಬಲ್ಲ ಪ್ರತಿಯೊಂದು ಚಲನೆಯಲ್ಲೂ ಸಾಗಿದ ದೂರವೂ ಸ್ಥಾನಪಲ್ಲಟದ ಪರಿಮಾಣವೂ ಒಂದೇ ಆಗಿರುತ್ತವೆ. ಜವ (ಸಾಗಿದ ದೂರ ಭಾಗಿಸು ಕಾಲ) ಮತ್ತು ವೇಗ (ಸ್ಥಾನಪಲ್ಲಟ ಭಾಗಿಸು ಕಾಲ) ಇವುಗಳ ಭೇದ ಅಲ್ಲಿ ಎಂದೂ ತಲೆ ಎತ್ತುವುದಿಲ್ಲ. ಕೈಪಿಡಿಯಂತೂ ಆದಿಯಿಂದ ಅಂತ್ಯದವರೆಗೆ "ದೂರ ಭಾಗಿಸು ಕಾಲ" ಎಂದೇ ಬರೆದು, ಬಂದ ಉತ್ತರವನ್ನು ವೇಗ ಎಂದು ಕರೆದುಬಿಟ್ಟಿದೆ. ಸ್ಥಾನಪಲ್ಲಟದ ಹೆಸರೇ ಅದರಲ್ಲಿಲ್ಲ. ಬರೀ ಈ ಕಿಟ್ಟಿನಿಂದ ಕಲಿತ ವಿದ್ಯಾರ್ಥಿಯ ಎಲ್ಲ ಉತ್ತರಗಳೂ ಸರಿಯಾಗಿಯೇ ಇರುತ್ತವೆ, ತಿಳಿವಳಿಕೆ ಮಾತ್ರ ಅರ್ಧವಾಗಿರುತ್ತದೆ, ಮತ್ತು ಹಾದಿ ಮೊದಲ ಬಾರಿಗೆ ತಿರುಗಿದಾಗಲಷ್ಟೇ ಅದು ಬಯಲಾಗುತ್ತದೆ. ಎರಡನೆಯ ಮಿತಿ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಟ್ರಾಲಿ ನಡುವೆ ನಿಂತರೆ ಮೊನೆಯು ಒಂದೇ ಜಾಗವನ್ನು ಕುಟ್ಟುತ್ತಲೇ ಇರುತ್ತದೆ, ಅಲ್ಲಿ ಎಷ್ಟು ಕುಟ್ಟುಗಳಾದವೆಂದು ಎಣಿಸುವುದು ಸಾಧ್ಯವಿಲ್ಲ. ಹೀಗಾಗಿ ನಿಂತ ಕಾಲವನ್ನು ಪಟ್ಟಿ ನುಂಗಿಬಿಡುತ್ತದೆ. ಸರಾಸರಿ ವೇಗದ ಲೆಕ್ಕದಲ್ಲಾದರೋ ನಿಂತ ಕಾಲವೂ ಕಾಲವೇ.

ಈ ಕೊರತೆಯನ್ನು ಶಾಲೆಯ ಮೈದಾನದಲ್ಲಿ ಖರ್ಚಿಲ್ಲದೆ ತುಂಬಿಸಬಹುದು. ಸುಣ್ಣದ ಪುಡಿಯಿಂದ ಪೂರ್ವ-ಪಶ್ಚಿಮವಾಗಿ ಗೆರೆ ಎಳೆದು ಮೀಟರುಗಳ ಗುರುತು ಹಾಕಿ, ಪೂರ್ವವನ್ನು ಧನವೆಂದೂ ಪಶ್ಚಿಮವನ್ನು ಋಣವೆಂದೂ ಮೊದಲೇ ಗೊತ್ತುಮಾಡಿಕೊಂಡೆವು. ವಿದ್ಯಾರ್ಥಿನಿಯೊಬ್ಬಳು ಸೊನ್ನೆಯಿಂದ 20 ಮೀಟರ್ ಪೂರ್ವಕ್ಕೆ ನಡೆದು, ಅಲ್ಲಿಂದ 8 ಮೀಟರ್ ಹಿಂದಕ್ಕೆ ಬಂದು ನಿಂತಾಗ ಗಡಿಯಾರ 24 ಸೆಕೆಂಡ್ ತೋರಿಸಿತು. ಸಾಗಿದ ದೂರ 28 ಮೀಟರ್, ಸರಾಸರಿ ಜವ ಸೆಕೆಂಡಿಗೆ ಸುಮಾರು 1.17 ಮೀಟರ್. ಸ್ಥಾನಪಲ್ಲಟ 12 ಮೀಟರ್, ಸರಾಸರಿ ವೇಗ ಪೂರ್ವಕ್ಕೆ ಸೆಕೆಂಡಿಗೆ 0.5 ಮೀಟರ್. ಅವಳನ್ನು ಸೊನ್ನೆಗೇ ಹಿಂದಿರುಗಿಸಿದರೆ ಸರಾಸರಿ ವೇಗ ಸೊನ್ನೆ, ಸೊನ್ನೆಯನ್ನೂ ದಾಟಿ ಪಶ್ಚಿಮಕ್ಕೆ ಕಳುಹಿಸಿದರೆ ಋಣ. ನಡೆದವಳಿಗೆ ಆಯಾಸವಾಗಿದ್ದರೂ ಉತ್ತರ ಸೊನ್ನೆ ಬಂದದ್ದು ಅನ್ಯಾಯವೆಂದು ಅವಳ ಗೆಳತಿಯರು ವಾದಿಸಿದರು, ಪಾಠ ತಲುಪಿದೆ ಎಂಬುದಕ್ಕೆ ನನಗೆ ಆ ವಾದವೇ ಸಾಕಾಗಿತ್ತು.

ನಿಂತ ಕಾಲದ ವಿಷಯಕ್ಕೆ ಹೊಸಪೇಟೆಯ ದಾರಿಯನ್ನೇ ಬಳಸಿಕೊಂಡೆ. ಬಳ್ಳಾರಿಯಿಂದ ಹೊಸಪೇಟೆಗೆ 60 ಕಿ.ಮೀ., ತೋರಣಗಲ್ಲು ಸರಿಯಾಗಿ ನಡುವೆ, ದಾರಿ ಪಶ್ಚಿಮಕ್ಕೆ ನೇರ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಒಬ್ಬರು ಒಂದೂಕಾಲು ಗಂಟೆಯಲ್ಲಿ ಹೊಸಪೇಟೆ ಮುಟ್ಟಿ, ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಾದು, ಮುಕ್ಕಾಲು ಗಂಟೆಯಲ್ಲಿ ತೋರಣಗಲ್ಲಿಗೆ ಮರಳಿ ಇಳಿದರೆ ಒಟ್ಟು ಕಾಲ ಎರಡೂವರೆ ಗಂಟೆ. ಸರಾಸರಿ ವೇಗ ಪಶ್ಚಿಮಕ್ಕೆ ಗಂಟೆಗೆ 12 ಕಿ.ಮೀ., ಸರಾಸರಿ ಜವ ಗಂಟೆಗೆ 36 ಕಿ.ಮೀ. ಕಾದ ಅರ್ಧ ಗಂಟೆಯನ್ನು ಕಳೆದು 15 ಎಂದು ಉತ್ತರ ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಹೊರಟ ಕ್ಷಣಕ್ಕೂ ತಲುಪಿದ ಕ್ಷಣಕ್ಕೂ ನಡುವೆ ಗಡಿಯಾರ ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಈ ಕಿಟ್ ಹೇಳಿಕೊಡಲಾರದು.

ನೇರವಲ್ಲದ ಹಾದಿಗೆ ಹಂಪಿ ಎಕ್ಸ್‌ಪ್ರೆಸ್ಸಿಗಿಂತ ಒಳ್ಳೆಯ ಉದಾಹರಣೆ ನಮ್ಮೂರಿನವರಿಗೆ ಬೇಕಿಲ್ಲ. ಬೆಂಗಳೂರಿನಿಂದ ಹೊರಟ ಆ ರೈಲು ಬಳ್ಳಾರಿಗಿಂತ ಪೂರ್ವದಲ್ಲಿರುವ ಗುಂತಕಲ್ಲಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ನಮ್ಮಲ್ಲಿಗೆ ಬರುತ್ತದೆ. ನಕ್ಷೆಯ ಮೇಲೆ ಸ್ಕೇಲಿಟ್ಟರೆ ಬೆಂಗಳೂರು-ಬಳ್ಳಾರಿಗಳ ನೇರ ಅಂತರ ಸುಮಾರು 250 ಕಿ.ಮೀ., ದಿಕ್ಕು ಉತ್ತರ, ತುಸು ಪಶ್ಚಿಮಕ್ಕೆ ವಾಲಿದ್ದು. ಹಳಿಯ ಉದ್ದವನ್ನು 340 ಕಿ.ಮೀ. ಎಂದೂ ಪ್ರಯಾಣದ ಕಾಲವನ್ನು 8 ಗಂಟೆ ಎಂದೂ ತೆಗೆದುಕೊಂಡರೆ ಸರಾಸರಿ ಜವ ಗಂಟೆಗೆ 42.5 ಕಿ.ಮೀ. ಆಗುತ್ತದೆ, ಸರಾಸರಿ ವೇಗದ ಪರಿಮಾಣ 31.25 ಕಿ.ಮೀ. ಮಾತ್ರ. ಗುಂತಕಲ್ಲಿನಿಂದ ಈಚೆಗೆ ರೈಲು ಎಷ್ಟೇ ರಭಸದಿಂದ ಓಡಿದರೂ, ಆ ಓಟದ ಬಹುಭಾಗ ನೇರ ಗೆರೆಯಿಂದ ಪೂರ್ವಕ್ಕೆ ಸರಿದದ್ದನ್ನು ತುಂಬಿಕೊಳ್ಳುವುದಕ್ಕೇ ಹೋಗುತ್ತದೆ.

ಇಷ್ಟೆಲ್ಲ ಶ್ರಮ ಒಂಬತ್ತನೆಯ ತರಗತಿಯಲ್ಲೇ ಏಕೆ ಬೇಕೆಂದು ಕೇಳುವ ಪೋಷಕರಿಗೆ ಒಂದು ಮಾತು. ಪಿಯುಸಿಯಲ್ಲಿ ಓದುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪಠ್ಯವನ್ನು ಈಚೆಗೆ ಮೊಟಕುಗೊಳಿಸಿದಾಗ, ಸರಳರೇಖೆಯ ಚಲನೆಯ ಅಧ್ಯಾಯದಿಂದ ಸ್ಥಾನಪಲ್ಲಟದ ಭಾಗವನ್ನೂ ಸರಾಸರಿ ವೇಗದ ಭಾಗವನ್ನೂ ತೆಗೆದುಹಾಕಲಾಗಿದೆ. ಪೀಠಿಕೆ ಮುಗಿದ ಕೂಡಲೇ ಅಧ್ಯಾಯ ತತ್‌ಕ್ಷಣದ ವೇಗಕ್ಕೆ ನೆಗೆಯುತ್ತದೆ, ಸರಾಸರಿ ವೇಗ ವಿದ್ಯಾರ್ಥಿಗೆ ಗೊತ್ತೇ ಇದೆ ಎಂಬ ಧಾಟಿಯಲ್ಲಿ. ಕನ್ನಡ ಮಾಧ್ಯಮದಿಂದ ಹೋಗಿ ಅಲ್ಲಿ ಇಂಗ್ಲಿಷಿನಲ್ಲಿ ಓದಬೇಕಾದ ನಮ್ಮ ಮಕ್ಕಳಿಗೆ ಈ ನೆಗೆತ ಇಮ್ಮಡಿ ಕಷ್ಟದ್ದು. ಆ ದಾರಿಯಲ್ಲಿಯೂ ಕಿಟ್ ಸ್ವಲ್ಪ ದೂರ ಜೊತೆಗೆ ಬರುತ್ತದೆ. ಒಂದೇ ಚುಕ್ಕಿಯಿಂದ ಮುಂದಕ್ಕೆ ಮೊದಲು ಹತ್ತು ಅಂತರ, ಆಮೇಲೆ ನಾಲ್ಕು, ಆಮೇಲೆ ಎರಡು ಎಂದು ಕಾಲಾವಧಿಯನ್ನು ಕಿರಿದುಗೊಳಿಸುತ್ತ ಸರಾಸರಿ ವೇಗ ತೆಗೆದರೆ, ಉತ್ತರಗಳು ಒಂದು ಸಂಖ್ಯೆಯ ಕಡೆಗೆ ಸರಿಯುವುದು ಕಾಣುತ್ತದೆ. ಆದರೆ ತೀರ ಕಿರಿದುಗೊಳಿಸಬಾರದು. ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ 8 ಮಿ.ಮೀ. ಮಾತ್ರ ಇರುವಾಗ ಸ್ಕೇಲಿನಲ್ಲಿ 1 ಮಿ.ಮೀ. ಆಚೀಚೆಯಾದರೂ ವೇಗ ನೂರಕ್ಕೆ ಹನ್ನೆರಡರಷ್ಟು ತಪ್ಪುತ್ತದೆ, ಅದೇ ತಪ್ಪು 6.4 ಸೆಂ.ಮೀ. ಉದ್ದದಲ್ಲಿ ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಕ್ಯಾಲ್ಕುಲೇಟರ್ ತೋರಿಸಿದ ದಶಮಾಂಶಗಳನ್ನೆಲ್ಲ ಸಾಲಾಗಿ ಬರೆಯುವ ಚಾಳಿಯನ್ನು ಬಿಡಿಸಲು ಈ ಹೋಲಿಕೆ ಒಳ್ಳೆಯ ಮದ್ದಾಯಿತು.

ತಯಾರಿಕೆಯ ಗುಣಮಟ್ಟ ಮಿಶ್ರವಾಗಿದೆ. ಟೈಮರ್ ಗಟ್ಟಿಯಾಗಿದೆ, ಟ್ರಾನ್ಸ್‌ಫಾರ್ಮರ್ ದೀರ್ಘಕಾಲ ಓಡಿದರೂ ಅತಿಯಾಗಿ ಕಾಯುವುದಿಲ್ಲ. ಟ್ರಾಲಿಯ ಒಂದು ಚಕ್ರ ಮಾತ್ರ ಮೊದಲಿನಿಂದಲೂ ವಾಲಾಡುತ್ತಿತ್ತು. ನಮ್ಮ ಊರಿನ ಧೂಳು ಸೇರಿಕೊಂಡ ಮೇಲೆ ಅದು ಹಲಗೆಯ ಅಂಚಿಗೆ ಉಜ್ಜತೊಡಗಿತು, ಸೈಕಲ್ ರಿಪೇರಿಯವರಿಂದ ಸರಿಮಾಡಿಸಬೇಕಾಯಿತು. ಕಾರ್ಬನ್ ಬಿಲ್ಲೆಯನ್ನು ಬಿಗಿಯಾಗಿ ಒತ್ತಿದರೆ ಪಟ್ಟಿಗೆ ತಡೆಯುಂಟಾಗಿ ಟ್ರಾಲಿ ನಿಧಾನವಾಗುತ್ತದೆ, ಸಡಿಲ ಬಿಟ್ಟರೆ ಚುಕ್ಕಿ ಮಸುಕಾಗುತ್ತದೆ. ಹದ ಸಿಕ್ಕಿದೆಯೇ ಎಂದು ನೋಡಲು ಹಲಗೆಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಒಮ್ಮೆ ಮೆಲ್ಲಗೆ ತಳ್ಳಿದ ಟ್ರಾಲಿ ಸಮಾನ ಅಂತರದ ಚುಕ್ಕಿಗಳನ್ನು ಬಿಡುವವರೆಗೆ ಸರಿಪಡಿಸಬೇಕು. ಆ ಓರೆಯಲ್ಲಿ ಘರ್ಷಣೆಗೆ ಇಳಿಜಾರು ಸಮನಾಗಿ ನಿಂತಿರುತ್ತದೆ.

ಮನೆಯಲ್ಲಿ ಒಬ್ಬ ಮಗನಿಗೋ ಮಗಳಿಗೋ ಎಂದು ಇದನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಮೈದಾನ, ಸುಣ್ಣ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ನಲವತ್ತು ಮಕ್ಕಳ ತರಗತಿಗೆ ಒಂದು ಕಿಟ್ ಕೊಂಡು, ಪ್ರತಿಯೊಬ್ಬರಿಗೂ ಒಂದೊಂದು ಪಟ್ಟಿ ಎಳೆದುಕೊಡುವುದಾದರೆ ಹಣ ಸಾರ್ಥಕ. ಪಟ್ಟಿಯ ಸುರುಳಿಗಳನ್ನು ಬಿಡಿಯಾಗಿ ತರಿಸಲು ಅಂಗಡಿಯವರು ಹೆಚ್ಚು ಹಣವನ್ನೂ ಹೆಚ್ಚು ದಿನಗಳನ್ನೂ ಕೇಳುತ್ತಾರೆ, ಅದಕ್ಕೆ ಕಾಯಬೇಕಾಗಿಲ್ಲ. ಸಾದಾ ಬಿಳಿ ಕಾಗದದ ಸುರುಳಿಯನ್ನು ಮುದ್ರಣಾಲಯದಲ್ಲಿ ಒಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿಕೊಡುತ್ತಾರೆ. ಬಿಲ್ಲೆ ಸವೆದಾಗ ಸ್ಟೇಷನರಿ ಅಂಗಡಿಯ ಕಾರ್ಬನ್ ಹಾಳೆಯನ್ನು ಹಳೆಯ ಬಿಲ್ಲೆಯ ಅಳತೆಗೆ ದುಂಡಗೆ ಕತ್ತರಿಸಿ, ಮಸಿಯ ಮುಖ ಕೆಳಗಿರುವಂತೆ ಕೂರಿಸಿದರೆ ಅದೂ ಹಾಗೆಯೇ ಕೆಲಸ ಮಾಡುತ್ತದೆ.